ಹಾಲವ್ವನ ಚಪ್ಪಾಳೆ

ದಹಿಸರ್ (ಪೂರ್ವ), ಮುಂಬಯಿ
೧೧ ಸೆಪ್ಟೆಂಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ ಮಾಧುರಿಯ ಶರಣು.

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೆಂದು ರೂಪಾಲಿ ಮೆಸೇಜು ಕಳಿಸಿದ್ದಳು. ಎದುರು ಮನೆಯ ಕಾಂಪೌಂಡಿನ ಮೇಲೆ ಕೂತ ಬೆಕ್ಕಿನ ಮೀಸೆ ಕೂಡ ಕಾಣಿಸುತ್ತದೆ ಎಂದಿರಂತೆ. ಅದನ್ನು ಓದಿ ಇವರು ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕರು. ಹನಿ ಹಾಕಿಸಿಕೊಳ್ಳುವುದನ್ನು ತಪ್ಪಿಸಬೇಡಿ. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ನಿಮ್ಮಿಂದ ಆಗುವುದಿಲ್ಲ ಎಂದು ಗೊತ್ತು, ಆದರೂ ಇನ್ನೊಂದಿಷ್ಟು ದಿನ ಒಲೆಯ ಮುಂದೆ ನಿಲ್ಲಬೇಡಿ. ಒಗ್ಗರಣೆಯ ಘಾಟು ಆ ಕಣ್ಣಿಗೆ ಆಗದು. ಸಕ್ಕರೆ ಇಳಿಯಲಿಲ್ಲವೆಂದು ಆಪರೇಷನ್ನನ್ನು ಅಷ್ಟು ದಿನ ಮುಂದೆ ಹಾಕಿದಾಗ ನನಗೆ ಕಳವಳವಾಗಿತ್ತು. ಈಗ ಅದೊಂದು ಚಿಂತೆ ಕಳೆಯಿತು.

ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳುವುದಿಲ್ಲ. ಕೂಗಿ ಹೇಳಿದರೆ ನಿಮಗಿಂತ ಮೊದಲು ಪಕ್ಕದ ಮನೆಗೆ ಕೇಳುತ್ತದೆ. ಈ ಸುದ್ದಿ ಕೂಗಿ ಹೇಳುವಂಥದ್ದಲ್ಲ, ಅದಕ್ಕೇ ಪತ್ರ. ಒಂದು ಕೋರಿಕೆ: ಇದನ್ನು ರೂಪಾಲಿಯಿಂದ ಓದಿಸಬೇಡಿ. ಅಕ್ಷರ ದಪ್ಪವಾಗಿ, ಬಿಡಿಸಿ ಬರೆಯುತ್ತಿದ್ದೇನೆ. ಕಣ್ಣು ದಣಿದರೆ ನಿಲ್ಲಿಸಿ, ನಾಳೆ ಓದಿ. ಆದರೆ ನೀವೇ ಓದಿ.

ಇಲ್ಲಿ ಎಲ್ಲ ಹಾಗೇ ನಡೆದಿದೆ. ನಾನು ಎಂದಿನಂತೆ ಬೆಳಗಿನ ಲೋಕಲ್ ಹಿಡಿದು ವಿಲೆ ಪಾರ್ಲೆಯ ಕಾಲೇಜಿನ ಲೈಬ್ರರಿಗೆ ಹೋಗಿಬರುತ್ತೇನೆ. ನಿಮ್ಮ ತುಳಸಿ ಈ ಮಳೆಗೆ ಕಪ್ಪಾಗಿತ್ತು, ಈಗ ಚಿಗುರಿದೆ. ಸೊಸಾಯಿಟಿಯಲ್ಲಿ ಗಣಪತಿ ಕೂಡಿಸಿದ್ದರು. ಆರತಿಗೆ ಎಲ್ಲರೂ ಬಂದರು, ಎಲ್ಲರೂ ನಿಮ್ಮನ್ನು ಕೇಳಿದರು. “ನಿಮ್ಮ ಬಿಲ್ಡಿಂಗಿನ ಮಂದಿ ಲಿಫ್ಟಿನ್ಯಾಗ ಸೈತ ನೆಲಾ ನೋಡ್ಕೋತ ನಿಂದರ್ತಾರವಾ” ಎಂದು ನೀವು ಅನ್ನುತ್ತಿದ್ದಿರಲ್ಲ, ಈಗ ನಾನೂ ಲಿಫ್ಟಿನಲ್ಲಿ ನೆಲ ನೋಡುತ್ತಲೇ ನಿಲ್ಲುತ್ತೇನೆ. ಕಾರಣ ಬೇರೆ.

ನಮ್ಮ ಬಿಲ್ಡಿಂಗಿನ ಹಿಂದಿನ ಮೈದಾನ ನಿಮಗೆ ಗೊತ್ತಲ್ಲ. ಮೈದಾನ ಎನ್ನುವುದು ಪಾಲಿಕೆಯ ನಕ್ಷೆಯಲ್ಲಿ ಮಾತ್ರ. ಶಾಲೆಯ ಬಸ್ಸುಗಳು ನಿಲ್ಲುವುದು ಅಲ್ಲಿ, ಮದುವೆಯ ಮಂಟಪದ ಬೊಂಬು ಬೀಳುವುದು ಅಲ್ಲಿ. ಅಲ್ಲಿ ಮಕ್ಕಳು ಆಡಿದ್ದನ್ನು ನಾನಂತೂ ಕಂಡಿಲ್ಲ. ನೀವು ಧಾರವಾಡಕ್ಕೆ ಹೊರಡುವ ಹೊತ್ತಿಗೆ ಅದರ ಗೇಟಿಗೆ ಒಂದು ನೋಟೀಸು ಅಂಟಿಸಿದ್ದರು. ನದಿಗೆ ಗೋಡೆ ಕಟ್ಟುವುದಕ್ಕೆ ದಂಡೆಯ ಮೇಲಿನ ವಸ್ತಿಯನ್ನು ತೆರವು ಮಾಡಬೇಕು. ಅಲ್ಲಿಂದ ಎದ್ದವರಿಗೆ ಮನೆ ಕಟ್ಟಿಸಿಕೊಡಲು ಮೈದಾನದ ಮೀಸಲನ್ನು ತೆಗೆದು ಅದನ್ನು ವಸತಿಯ ಜಾಗವೆಂದು ಬದಲಿಸಬೇಕೆಂದಿದೆ. ಈ ಬಗ್ಗೆ ಸುತ್ತಲಿನ ಜನ ತಮ್ಮ ಸೂಚನೆ, ಆಕ್ಷೇಪಣೆ ಕೊಡಬಹುದು, ಕೊಟ್ಟವರನ್ನು ಕರೆದು ಕೇಳಲಾಗುವುದು ಎಂದು ಅದರಲ್ಲಿತ್ತು. ಜಾಗ ಬದಲಾದರೆ ನಮಗೆ ರೊಟ್ಟಿ ಕೊಡುವ ಹಾಲವ್ವ ಮತ್ತು ಅವಳ ನೆರೆಯವರೆಲ್ಲ ನದಿಯಿಂದ ಎದ್ದು ರಸ್ತೆ ದಾಟಿ ಇಲ್ಲೇ ಬರುತ್ತಾರೆ. ಬದಲಾಗದಿದ್ದರೆ ಊರಿನ ಇನ್ನೊಂದು ತುದಿಗೆ, ಮಾನಖುರ್ದದ ಆಚೆ ಎಲ್ಲೋ ಕಳಿಸುತ್ತಾರೆ. ಅಲ್ಲಿಂದ ಹಾಲವ್ವ ಯಾರ ಮನೆಗೆ ರೊಟ್ಟಿ ಕೊಡಬೇಕು? ಅವಳ ಗಿರಾಕಿಗಳೆಲ್ಲ ಈ ನಾಲ್ಕು ಓಣಿಯವರು. ಅವಳ ಮಗಳು ಸಪ್ನಾಳ ಲ್ಯಾಬು ಸ್ಟೇಷನ್ನಿನ ಹತ್ತಿರ. ಮೈದುನ ಶ್ರೀಮಂತನದು ಗವಂಡಿ ಕೆಲಸ. ಅವನನ್ನು ಬೆಳಿಗ್ಗೆ ಕೆಲಸಕ್ಕೆ ಕರೆಯುವ ನಾಕಾ ಇರುವುದೂ ಇಲ್ಲೇ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಮಾತನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆಯುವುದಿಲ್ಲ.

ಸೊಸಾಯಿಟಿಯ ಮೀಟಿಂಗಿನಲ್ಲಿ ಎಲ್ಲರ ಮಾತೂ ಒಂದೇ ಆಗಿತ್ತು: ಆ ಜನ ಇಲ್ಲಿಗೆ ಬರಬಾರದು. ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ನೀರಿನ ಒತ್ತಡ ಎಂದರು, ಟ್ರಾಫಿಕ್ ಎಂದರು, ಡ್ರೈನೇಜು ಎಂದರು. ಸೆಕ್ರೆಟರಿ ಸ್ನೇಹಲ್ ಅವರು ನನ್ನ ಕಡೆ ತಿರುಗಿ, “ವಹಿನಿ, ತುಮ್ಹೀಚ್ ಲಿಹಾ” ಎಂದು ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು. ಇಂಗ್ಲಿಷಿನಲ್ಲಿ ಬರೆಯಬೇಕು, ಪಾಲಿಕೆಯವರು ಕರೆದು ಕೇಳುವ ಸುನಾವಣಿಯಲ್ಲಿ ಎದ್ದು ಓದಬೇಕು. ಝೋಪಡಪಟ್ಟಿ ಅನ್ನುವ ಶಬ್ದ ಮಾತ್ರ ಎಲ್ಲಿಯೂ ಬರಬಾರದು, ಬಯಲು, ಗಾಳಿ, ಮಕ್ಕಳು ಇಷ್ಟೇ ಬರಬೇಕು ಎಂದರು. ನಾನು ಆ ಶಬ್ದವನ್ನು ಬಿಟ್ಟೇ ಬರೆದೆ. ಬಿಟ್ಟೆನೆಂಬ ಕಾರಣಕ್ಕೆ ನಾನು ಉಳಿದವರಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆ ಎಂದೂ ಅಂದುಕೊಂಡೆ.

ನಿಜ ಹೇಳಬೇಕೆಂದರೆ, ಬರೆಯುವಾಗ ನನಗೆ ಖುಷಿಯಾಯಿತು, ಅತ್ತೆಯವರೆ. ನಾನು ಕವಿತೆ ಓದುವುದನ್ನು ನೀವು ನೋಡಿದ್ದೀರಿ; ಓದುತ್ತ ಓದುತ್ತ ಪೆನ್ಸಿಲಿನಿಂದ ಅಂಚಿನಲ್ಲಿ ಗೆರೆ ಎಳೆಯುತ್ತೇನೆ. ಮನೆ ಕಳೆದುಕೊಂಡವರ ಬಗ್ಗೆ ಬರೆದ ಸಾಲುಗಳ ಪಕ್ಕ ಎಷ್ಟು ಗೆರೆ ಎಳೆದಿದ್ದೇನೋ. ಆ ಓದೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಈ ಬಡಾವಣೆಗೆ ಉಳಿದಿರುವ ಕಡೆಯ ತುಂಡು ಆಕಾಶ ಇದು ಎಂದು ಬರೆದೆ. ಒಂದು ಊರಿನ ಸ್ವಭಾವವನ್ನು ಕಾಪಾಡುವುದು ಅಲ್ಲಿ ವಾಸಿಸುವವರ ಹಕ್ಕು ಎಂದು ಬರೆದೆ. ಸ್ವಭಾವ ಎಂದರೆ ಏನು, ವಾಸಿಸುವವರು ಎಂದರೆ ಯಾರು, ಅದನ್ನು ಬಿಡಿಸಿ ಹೇಳಲಿಲ್ಲ. ಕೇಳಿದವರಿಗೆ ಅರ್ಥವಾಗುತ್ತಿತ್ತು. ಇವರು ಓದಿ, “ಭಾಳ ಚಂದ ಬಂದೈತಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಹಾಲವ್ವ ಅದರಾಗ ಬರ್ತಾಳೇನು?” ಎಂದು ಕೇಳಿದರು. ಕುಕ್ಕರು ಕೂಗಿತು, ನಾನು ಒಳಗೆ ಎದ್ದು ಹೋದೆ.

ಶ್ರಾವಣದ ಒಂದು ಶುಕ್ರವಾರ ಹಾಲವ್ವ ಹೇಳಿ ಕಳಿಸಿದಳು, ಬಂದು ಹೋಗಬೇಕಂತೆ ಎಂದು. ನೀವು ಊರಿನಲ್ಲಿಲ್ಲ, ನಿಮ್ಮ ಬದಲಿಗೆ ನನ್ನನ್ನು ಕರೆದಿದ್ದಾಳೆ ಎಂದುಕೊಂಡು ಕೆಲಸದಿಂದ ಬರುವಾಗ ಹಾಗೇ ದಂಡೆಗೆ ಇಳಿದೆ. ನೀವು ಹೋಗಿ ಕೂಡುತ್ತಿದ್ದ ಕಟ್ಟೆಯ ಮೇಲೆ ಚಾಪೆ ಹಾಸಿದ್ದರು. ವಸ್ತಿಯ ನಮ್ಮ ಕಡೆಯ ಹೆಂಗಸರೆಲ್ಲ ಸೇರಿದ್ದರು. ವಿಜಯಪುರದವರು, ಸಿಂದಗಿಯವರು, ಇಂಡಿಯವರು. ನನ್ನನ್ನು ನೋಡಿದ ಕೂಡಲೇ ಹಾಲವ್ವ, “ಬಂದ್ಲು ನೋಡ್ರೆ ನಮ್ಮ ಆಯಿ ಸೊಸಿ! ರೊಟ್ಟಿ ತಟ್ಟಿದ್ರ ಕರ್ನಾಟಕದ ನಕ್ಷಾ ಆಗ್ತೈತಿ, ಆದ್ರ ಬಾಯಿ ತೆಗದ್ರ ವಕೀಲರು ಸೈತ ಗಪ್ಪಾಗ್ತಾರ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕುಂಕುಮ ಹಚ್ಚಿ, “ಸೆರಗು ಒಡ್ಡರಿ ಅಕ್ಕಾರ” ಎಂದರು. ನಾನು ತೊಟ್ಟಿದ್ದು ಚೂಡಿದಾರ. ಓಢಣಿಯನ್ನೇ ಎರಡು ಕೈಯಲ್ಲಿ ಹಿಡಿದು ಒಡ್ಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೆ ಒಂದು ಖಣ. ಒಬ್ಬೊಬ್ಬರಾಗಿ ಬಂದು ಒಂದೊಂದು ಬೊಗಸೆ ಹಾಕಿದರು. ಓಢಣಿ ಜಗ್ಗಿತು, ಕುತ್ತಿಗೆ ಬಾಗಿತು.

ಕಡೆಯ ಬೊಗಸೆಯ ಹೊತ್ತಿಗೆ ಹಾಲವ್ವ ಹೇಳಿದಳು: “ಇವತ್ತಿನಿಂದ ನೀವು ಈ ದಂಡಿ ಮನಿಮಗಳು. ಸುನಾವಣಿಯಾಗ ನಮ್ಮ ಪರವಾಗಿ ನೀವ ನಿಂದರ್ರಿ. ನಮಗ ಸಾಹೇಬರ ಮುಂದ ಮಾತು ಬರಂಗಿಲ್ಲ.” ನನ್ನ ಹೆಸರು ಸುನಾವಣಿಯಲ್ಲಿ ಮಾತಾಡುವವರಲ್ಲಿ ಇದೆ ಎಂದು ವಾಚ್‌ಮನ್ ಅವರಿಗೆ ಹೇಳಿದ್ದನಂತೆ. ಯಾವ ಕಡೆಯಿಂದ ಎಂದು ಅವರು ಅವನನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಉಡಿ ತುಂಬಿಸಿಕೊಂಡವಳನ್ನು ಹಾಗೆ ಕೇಳುವುದು ಹೇಗೆ? ತವರಿನ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡ ಮಗಳಿಗೆ, ನೀನು ಯಾರ ಕಡೆಯವಳವ್ವಾ ಎಂದು ಯಾವ ತಾಯಿ ಕೇಳುತ್ತಾಳೆ? ನಮ್ಮ ಕಡೆಯಲ್ಲಿ ಅದನ್ನು ಕೇಳುವುದೇ ಅವಮಾನ. ಅವರು ನಂಬಿದ್ದು ನನ್ನನ್ನಲ್ಲ, ಆ ಪದ್ಧತಿಯನ್ನು. ಪದ್ಧತಿಯ ಆಚೆ ಇಷ್ಟು ವರ್ಷ ದಿನಾ ಸಂಜೆ ಅವರ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ ನಿಮ್ಮನ್ನು.

ಆಗಲೇ ಹೇಳಬಹುದಿತ್ತು. ತಡೀರಿ, ನಾನು ಆ ಕಡೆಯಿಂದ ಮಾತಾಡುವವಳು ಎಂದರೆ ಮುಗಿಯುತ್ತಿತ್ತು. ಆದರೆ ತುಂಬಿದ ಉಡಿಯನ್ನು ಒಲ್ಲೆ ಎನ್ನಬಾರದು, ಕೆಳಗೆ ಸುರಿಯಬಾರದು, ಮುತ್ತೈದೆಗೆ ಅದು ಒಳ್ಳೆಯದಲ್ಲ. ಹೀಗೆಲ್ಲ ಚಿಕ್ಕಂದಿನಿಂದ ಕೇಳಿದ್ದು ನೆನಪಿಗೆ ಬಂತು. ಇಂಥ ಮಾತನ್ನೆಲ್ಲ ನಂಬುವುದಿಲ್ಲ ಎಂದು ನಿಮ್ಮೊಡನೆ ಎಷ್ಟು ವಾದ ಮಾಡಿದವಳು ನಾನು! ಅವತ್ತು ಮಾತ್ರ ಆ ನಂಬಿಕೆಯ ಹಿಂದೆ ಹೋಗಿ ಅಡಗಿಕೊಂಡೆ. “ನೋಡೋಣು” ಎಂದೆ. ಇಷ್ಟೇ ಹೇಳಿದ್ದು. ಅವರು ಅದನ್ನು ಹೂಂ ಎಂದು ತೆಗೆದುಕೊಂಡರು. ಮನೆಗೆ ಬಂದು ಅಕ್ಕಿಯನ್ನು ದೇವರ ಜಗಲಿಯ ಮುಂದೆ ಇಟ್ಟು ಕೈಮುಗಿದೆ. ಮರುದಿನ ಸ್ನೇಹಲ್ ಅವರಿಗೆ ಫೋನು ಮಾಡಿ, ಈ ಸಲ ಬೇರೆ ಯಾರಾದರೂ ಓದಲಿ ಎಂದು ಹೇಳಿಯೂ ನೋಡಿದೆ. “ನಿಮ್ಮಷ್ಟು ಚೆನ್ನಾಗಿ ಯಾರು ಓದ್ತಾರೆ?” ಎಂದರು. ಅದು ಹೊಗಳಿಕೆ. ನನಗೆ ಬೇಕಾಗಿದ್ದದ್ದೂ ಅದೇ ಇರಬೇಕು, ಮತ್ತೆ ಆ ಮಾತೆತ್ತಲಿಲ್ಲ.

ಸುನಾವಣಿ ಗಣಪತಿಯ ಹಬ್ಬಕ್ಕೆ ಸ್ವಲ್ಪ ಮೊದಲು, ವಾರ್ಡ್ ಆಫೀಸಿನ ಮೇಲಿನ ಹಾಲಿನಲ್ಲಿ. ನಮ್ಮ ಬಿಲ್ಡಿಂಗಿನವರು ಮೊದಲೇ ಹೋಗಿ ಮುಂದಿನ ಸಾಲು ಹಿಡಿದಿದ್ದರು. ವಸ್ತಿಯ ಹೆಂಗಸರು ಆಮೇಲೆ ಬಂದರು. ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟಿದ್ದರು, ಹಾಲವ್ವ ಮೂಗುಬಟ್ಟು ಇಟ್ಟಿದ್ದಳು. ಹಿಂದಿನ ಸಾಲಿನಲ್ಲಿ ಕೂತು ಪಕ್ಕದ ಒಂದು ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟು ನನ್ನನ್ನು ಸನ್ನೆ ಮಾಡಿ ಕರೆದಳು. ನಾನು ಮುಂದಿನ ಮೈಕನ್ನು ತೋರಿಸಿ, ಮಾತಾಡುವುದಿದೆ, ಇಲ್ಲೇ ಕೂಡಬೇಕು ಎಂಬಂತೆ ಕೈ ಮಾಡಿದೆ. ಅವಳಿಗೆ ಹೆಮ್ಮೆಯಾಯಿತು. “ನೋಡ್ರೆ, ನಮ್ಮಾಕಿನ್ನ ಮುಂದ ಕುಂಡ್ರಿಸ್ಯಾರ” ಎಂದು ಹಾಲಿಗೆಲ್ಲ ಕೇಳುವಂತೆ ಅಂದಳು. ನನ್ನ ಪಕ್ಕದಲ್ಲಿದ್ದ ಸ್ನೇಹಲ್ ಅವರಿಗೆ ಕನ್ನಡ ತಿಳಿಯದು. ಏನಂತಾರೆ ಎಂದು ಕೇಳಿದರು. ಏನಿಲ್ಲ, ಜಾಗ ಹಿಡಿಯುತ್ತಿದ್ದಾರೆ ಎಂದೆ.

ನಮ್ಮ ಸರದಿ ಬಂತು. ಎದ್ದು ನಿಂತೆ. ಹಿಂದೆ ಸಡಗರದ ಗುಜುಗುಜು ಎದ್ದಿತು, ಅಡಗಿತು. ಇಂಗ್ಲಿಷಿನಲ್ಲಿ ಓದಿದೆ. ಮರಾಠಿಯಲ್ಲಿ ಓದಿದ್ದರೆ ಅವರಿಗೆ ಅರ್ಧವಾದರೂ ತಿಳಿಯುತ್ತಿತ್ತು, ಹಿಂದಿಯಲ್ಲಾದರೆ ಪೂರ್ತಿ. ಆಕಾಶದ ಸಾಲಿಗೆ ಬಂದಾಗ ನಾನು ಎಲ್ಲ ಮರೆತು ಅದನ್ನು ಕವಿತೆಯಂತೆಯೇ ಓದಿದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ಏರಿಸಿ. ಮುಗಿಸಿದೆ. ಆಗ ಹಿಂದಿನ ಸಾಲಿನಿಂದ ಚಪ್ಪಾಳೆ ಬಿತ್ತು. ಮೊದಲು ಹಾಲವ್ವ, ಆಮೇಲೆ ಎಲ್ಲರೂ. ನನ್ನ ಬಿಲ್ಡಿಂಗಿನವರು ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಅವರು ಹಿಂದೆ ತಿರುಗಿ ಬೆರಗಾಗಿ ನೋಡಿದರು. ಇದು ನಾಟಕದ ಥೇಟರಲ್ಲ ಎಂದು ಅಧಿಕಾರಿ ಗದರಿಸಿದರು. ಹಾಲವ್ವ ನಾಲಿಗೆ ಕಚ್ಚಿಕೊಂಡಳು, ಆದರೆ ನನ್ನನ್ನು ನೋಡಿ ನಗುತ್ತಲೇ ಇದ್ದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ. ಅಧಿಕಾರಿ ಆಮೇಲೆ ವಸ್ತಿಯವರನ್ನು ಕರೆದರು: ನದಿ ದಂಡೆಯಿಂದ ಯಾರು ಮಾತಾಡುತ್ತೀರಿ? ಶ್ರೀಮಂತ ಮಾತಾಡಬೇಕಿತ್ತು. ಅವನಿಗೆ ಹಿಂದಿ, ಮರಾಠಿ ಎರಡೂ ಸಲೀಸು, ಹೆದರುವವನೂ ಅಲ್ಲ. ಆದರೆ ಹಾಲವ್ವನೇ, “ಅಕ್ಕಾರ ಅದಾರ, ನೀ ಯಾಕ ಕೆಲಸಾ ಬಿಡ್ತಿ?” ಎಂದು ಅವನನ್ನು ಕೆಲಸಕ್ಕೆ ಕಳಿಸಿದ್ದಳು. ಈಗ ಅವಳೇ ಎದ್ದು ನಿಂತು, ಸೆರಗು ಹೊದ್ದು, ನನ್ನ ಕಡೆ ಕೈ ತೋರಿಸಿ ಹೇಳಿದಳು: “ಸಾಬ್, ಹಮಾರಾ ಮ್ಯಾಡಮ್ ಬೋಲಾ ನಾ. ವೋಹೀ ಹಮಾರಾ ಬಾತ್.” ಮ್ಯಾಡಮ್ ಹೇಳಿದ್ದೇ ನಮ್ಮ ಮಾತು.

ಅಧಿಕಾರಿ ಕನ್ನಡಕ ಹಣೆಗೇರಿಸಿ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಏನೋ ತಪ್ಪಾಗಿದೆ ಎಂದು ಅವರಿಗೆ ಹೊಳೆದಿತ್ತು. ಅದಕ್ಕೇ ನನ್ನನ್ನೇ ಕೇಳಿದರು, “ಮ್ಯಾಡಮ್, ಹೇ ಬರೋಬರ್ ಆಹೇ ಕಾ?” ಇದು ಸರಿಯೇ? ಕೇಳಿ, ಕಾದರು. ಒಂದು ಅಲ್ಲ ಎಂದಿದ್ದರೆ ಸಾಕಾಗಿತ್ತು. ನಾನು ಕನ್ನಡಕ ತೆಗೆದು ಓಢಣಿಯ ಅಂಚಿನಿಂದ ಒರೆಸಿದೆ. ಒರೆಸುತ್ತಲೇ ಇದ್ದೆ. ಅವರು ಕಾದು ಕಾದು ಏನೋ ಬರೆದುಕೊಂಡು ಮುಂದಿನವರನ್ನು ಕರೆದರು.

ಅವರ ವಿರುದ್ಧ ಓದಿದ್ದು ಒಂದು ಅಭಿಪ್ರಾಯ ಎಂದಾದರೂ ಹೇಳಿಕೊಳ್ಳಬಹುದು. ಮೈದಾನ ಬೇಕು ಎನ್ನುವ ಹಕ್ಕು ನಮಗೂ ಉಂಟು. ಆದರೆ ಅವರಿಗೆ ಸಿಕ್ಕ ಒಂದೇ ಒಂದು ಸರದಿಯನ್ನು ಅವರು ನನ್ನ ಕೈಗೆ ಕೊಟ್ಟರು, ನಾನು ಅದನ್ನು ಇಟ್ಟುಕೊಂಡೆ. ಇದಕ್ಕೆ ಅಭಿಪ್ರಾಯ ಎನ್ನಲು ಬರುವುದಿಲ್ಲ. ಕೆಳಗಿಳಿದು ಬರುವಾಗ ಸ್ನೇಹಲ್ ಅವರು ನನ್ನ ಭುಜ ತಟ್ಟಿ, “ವಹಿನಿ, ತುಮ್ಹೀ ತರ ತ್ಯಾಂನಾ ಪಣ್ ಜಿಂಕಲಂತ!” ಎಂದರು, ಅವರನ್ನೂ ಗೆದ್ದುಬಿಟ್ಟಿರಲ್ಲ ಎಂದು. ಹಾಲವ್ವ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ನನ್ನ ಕೆನ್ನೆಗೆ ಕೈ ಸವರಿ, ದೃಷ್ಟಿಯಾಗದಿರಲೆಂದು ಲಟಿಕೆ ಮುರಿದಳು.

ಅವಳ ಮಗಳು ಸಪ್ನಾ ಡ್ಯೂಟಿ ಮುಗಿಸಿ ಓಡಿ ಬಂದು ಬಾಗಿಲ ಹತ್ತಿರ ನಿಂತಿದ್ದಳಂತೆ. ಅವಳು ಚಪ್ಪಾಳೆ ಹೊಡೆಯಲಿಲ್ಲ. ಅವಳಿಗೆ ಇಂಗ್ಲಿಷು ಬರುತ್ತದೆ. ಎರಡು ದಿನ ಬಿಟ್ಟು ಸಂಜೆ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಲಿಫ್ಟಿನ ಪಕ್ಕವೇ ನಿಂತಳು. ಅವಳ ಕನ್ನಡ ನಿಮಗೆ ಗೊತ್ತಲ್ಲ, ಹಿಂದಿಯ ಊರುಗೋಲು ಇಲ್ಲದೆ ನಡೆಯುವುದಿಲ್ಲ. “ಆಂಟಿ, ನೀವು ಬಹುತ್ ಅಚ್ಛಾ ಓದಿದ್ರಿ” ಎಂದಳು. ಬೈದಿದ್ದರೆ ಒಳ್ಳೆಯದಿತ್ತು. “ಅವ್ವಗ ಮೈನೆ ಅಭೀ ತಕ್ ಹೇಳಿಲ್ಲ. ಅವ್ವ ವಸ್ತಿತುಂಬ ಹೇಳ್ಕೋತ ಅಡ್ಡಾಡ್ಯಾಳ, ಆಪ್ ಹಮಾರೇ ಲಿಯೇ ಮಾತಾಡಿದ್ರಿ ಅಂತ. ನಾನು ಹೇಳಿದ್ರ ನಂಬಂಗಿಲ್ಲ, ಆಂಟಿ. ನನಗs ಹೊಡೀತಾಳ. ನೀವs ಬಂದು ಹೇಳ್ರಿ.” ಇಷ್ಟು ಹೇಳಿ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದಳು.

ಮರುದಿನವೇ ಹೋಗಬೇಕಿತ್ತು. ಗಣಪತಿ ಬಂತು, ಹಬ್ಬದ ದಿನ ಬೇಡ ಎಂದುಕೊಂಡೆ. ವಿಸರ್ಜನೆಯಾಗಲಿ ಎಂದುಕೊಂಡೆ. ಹಾಲವ್ವ ಎಂದಿನಂತೆ ರೊಟ್ಟಿ ಕಳಿಸುತ್ತಲೇ ಇದ್ದಳು, ಜೊತೆಗೆ ಒಂದು ಕಟ್ಟು ಪುಂಡಿಪಲ್ಲೆ, ಒಮ್ಮೆ ಶೇಂಗಾ ಹಿಂಡಿ. ಕಡೆಗೆ ಮೊನ್ನೆ ಹೋದೆ. ಅವಳು ತಟ್ಟುತ್ತಿದ್ದಳು. ಪಕ್ಕದ ಮನೆಯ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. “ಸರೀರೆ, ವಕೀಲಬಾಯಾರು ಬಂದ್ರು” ಎಂದು ಹಾಲವ್ವ ನಗುತ್ತ ಮಣೆ ಸರಿಸಿದಳು. ನಾನು ಕೂಡಲಿಲ್ಲ. ನಿಂತುಕೊಂಡೇ ಹೇಳಿದೆ, ಸಿಂಗರಿಸದೆ: ಅವತ್ತು ನಾನು ಓದಿದ್ದು ನೀವು ಇಲ್ಲಿಗೆ ಬರಬಾರದು ಅಂತ. ಅವಳು ಮತ್ತೂ ನಕ್ಕಳು, “ಚ್ಯಾಷ್ಟಿ ಮಾಡಬ್ಯಾಡ್ರಿ ಅಕ್ಕಾರ” ಎಂದಳು. ಆಮೇಲೆ ಒಳಗೆ ನಿಂತಿದ್ದ ಸಪ್ನಾಳ ಮುಖ ನೋಡಿದಳು. ಹಾಲವ್ವ ಕೈಯ ಹಿಟ್ಟನ್ನು ರೊಟ್ಟಿ ತಟ್ಟುವ ಕೊಣಮಿಗೆಯ ಅಂಚಿಗೆ ಒರೆಸಿದಳು, ಮೆಲ್ಲಗೆ, ಒಂದೊಂದೇ ಬೆರಳು. “ಅಂದ್ರ, ನಮ್ಮನ್ನ ಎಬ್ಬಸ್ರಿ ಅಂದದ್ದಕ್ಕ ನಾವs ಚಪ್ಪಾಳಿ ಹೊಡದ್ವಿ” ಎಂದಳು. ಗೋಡೆಗೆ ಒರಗಿದ್ದ ಮುದುಕಿ, “ಸಾಲಿ ಕಲತವ್ರು ಬೈದ್ರೂ ಹಾಡಿದಂಗ ಕೇಳತೈತಿ ಬಿಡs” ಎಂದಳು.

ಯಾಕೆ ಎಂದು ಅವಳು ಕೇಳುತ್ತಾಳೆ ಎಂದುಕೊಂಡಿದ್ದೆ. ಉತ್ತರವನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಅವಳು ಕೇಳಲಿಲ್ಲ. ನಮ್ಮ ಮನೆಯ ಪಾಲಿನ ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿಟ್ಟಿದ್ದಳು, ಅದನ್ನು ನನ್ನ ಕಡೆ ಸರಿಸಿದಳು. ಹೊರಡುವಾಗ ಮಾತ್ರ ಒಂದು ಮಾತು ಕೇಳಿದಳು. ಅದನ್ನು ಈಗ ಬರೆಯಲಾರೆ. ರೊಟ್ಟಿಯನ್ನು ನಾನು ತಂದೆ. ಇವರು ಉಂಡರು, ನಾನೂ ಉಂಡೆ. ಗಂಟಲಿಗೆ ಸಿಕ್ಕಿಕೊಂಡಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಸಿಕ್ಕಿಕೊಳ್ಳಲಿಲ್ಲ ಅತ್ತೆಯವರೆ, ಎಂದಿನಂತೆ ಇಳಿಯಿತು. ಆ ದಿನದ ಎಲ್ಲದಕ್ಕಿಂತ ನನಗೆ ನಾಚಿಕೆಯಾದದ್ದು ಅದಕ್ಕೆ.

ತೀರ್ಮಾನ ಇನ್ನೂ ಆಗಿಲ್ಲ. ಇನ್ನೊಂದು ಸುನಾವಣಿ ಇಟ್ಟಿದ್ದಾರೆ. ಶ್ರೀಮಂತ ಈ ಸಲ ತಾನೇ ಬರುತ್ತಾನಂತೆ. ಆದರೆ ಹಿಂದಿನ ಸಲ ವಸ್ತಿಯವರು ಆಕ್ಷೇಪಣೆಗೆ ಒಪ್ಪಿದ್ದರು ಎಂದು ಆಫೀಸಿನ ಬರಹದಲ್ಲಿ ಇದೆ, ಅದನ್ನು ಅಳಿಸುವುದು ಅವನಿಗೆ ಸುಲಭವಲ್ಲ. ನಾನು ಇಂಥದ್ದನ್ನು ಮಾಡಿದೆನೆಂದು ಸ್ನೇಹಲ್ ಅವರಿಗೂ ಹೇಳಿದೆ. “ನೀವು ಇಷ್ಟು ಸೆಂಟಿಮೆಂಟಲ್ ಅಂತ ಗೊತ್ತಿರಲಿಲ್ಲ” ಎಂದರು. ಇವರು ಮಾತ್ರ, “ಮೊದಲ ಅವ್ವಗ ತಿಳಿಸು. ಬ್ಯಾರೆಯವರು ಹೇಳೂದ್ರೊಳಗ ನೀನs ತಿಳಿಸು” ಎಂದರು. ತಿಳಿಸಿದ್ದೇನೆ. ನಡೆದದ್ದನ್ನೆಲ್ಲ ನಡೆದಂತೆ ಬರೆದಿದ್ದೇನೆ.

ರೂಪಾಲಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ರಾತ್ರಿ ಹನಿ ಹಾಕಿಸಿಕೊಂಡ ಮೇಲೆ ಟೀವಿ ನೋಡಬೇಡಿ. ನೀವು ಉಗಿದರೂ ಸರಿ, ಎರಡು ಸಾಲು ಬರೆಯಿರಿ.

ನಿಮ್ಮ ಪಾದಕ್ಕೆರಗುವ,
ಮಾಧುರಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದು ಬರೆಯುತ್ತಿದ್ದೇನೆ. ಎಲ್ಲ ಬರೆದಿದ್ದೇನೆ ಎಂದು ಮೇಲೆ ಹೇಳಿದ್ದು ಸುಳ್ಳು. ಮನೆ ನಿಮ್ಮ ಹೆಸರಿನಲ್ಲಿದೆ, ಹಾಗಾಗಿ ಆಕ್ಷೇಪಣೆ ಹೋದದ್ದೂ ನಿಮ್ಮ ಹೆಸರಿನಲ್ಲೇ. ನೀವು ಧಾರವಾಡಕ್ಕೆ ಹೊರಟ ದಿನ, ಕೆಳಗೆ ಟ್ಯಾಕ್ಸಿ ನಿಂತಿದ್ದಾಗ, ಬಿಲ್ಡಿಂಗಿನ ಕಾಗದ ಎಂದು ನಾನು ಮುಂದಿಟ್ಟದ್ದಕ್ಕೆ ಆ ಮಸುಕು ಕಣ್ಣಿನಲ್ಲಿ ಸಹಿ ಮಾಡಿದಿರಿ. ಏನೆಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಸುನಾವಣಿಯಲ್ಲಿ ಅಧಿಕಾರಿ ಕೂಗಿದ್ದು “ದಾನವ್ವ ಸಿದ್ದರಾಮಪ್ಪ” ಎಂದು. “ಆಯಿ ಹೆಸರು, ನಮ್ಮ ಆಯಿ ಹೆಸರು” ಎಂದು ಹಿಂದಿನ ಸಾಲಿನಲ್ಲಿ ಸಡಗರವೆದ್ದದ್ದು ಅದಕ್ಕೆ. ಆ ಹೆಸರಿಗೆ ಎದ್ದು ನಿಂತವಳು ನಾನು. ಬರಹದಲ್ಲಿರುವಂತೆ, ಅವರು ಇಲ್ಲಿಗೆ ಬರಬಾರದು ಎಂದವರು ನೀವು. ನಿನ್ನೆ ಆಫೀಸಿಗೆ ಹೋಗಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಹೆಸರಿದ್ದವರೇ ಬಂದು ಹೇಳಬೇಕಂತೆ. ಸುನಾವಣಿ ಇದೇ ಇಪ್ಪತ್ತಾರಕ್ಕೆ. ಡಾಕ್ಟರು ಹೂಂ ಅಂದರೆ ಮಾತ್ರ ಬನ್ನಿ. ಕರೆದುಕೊಂಡು ಬರಲು ಇವರು ಬರುತ್ತಾರೆ. ಅಲ್ಲಿ ಏನು ಹೇಳಬೇಕೆಂದು ನಾನು ನಿಮಗೆ ಹೇಳಿಕೊಡುವುದಿಲ್ಲ. ನಿಮ್ಮ ಮಾತನ್ನು ಸಾಹೇಬರಿಗೆ ಸಪ್ನಾ ತಿಳಿಸಲಿ, ನಾನು ಬೇಡ.

ಹೊರಡುವಾಗ ಹಾಲವ್ವ ಕೇಳಿದ ಮಾತು ಇದು: “ಆಯಿಗೆ ಇದು ಗೊತ್ತಿತ್ತೇನ್ರಿ?” ಇಲ್ಲ, ಖಂಡಿತ ಗೊತ್ತಿರಲಿಲ್ಲ ಎಂದೆ. ಅವಳು ಒಲೆಯ ಕಡೆ ತಿರುಗಿ, “ನೀವು ಹಂಗs ಅಂತೀರಿ” ಎಂದಳು.